ಅಂಗರಚನೆಯ ಅಭ್ಯಾಸ: ಮುಂಬಯಿಯ ಕಲಾಶಾಲೆಯೂ ಕನ್ನಡ ಚಿತ್ರಕಾರರೂ

ತುರ್ಭೆಯ ಸಗಟು ಪೇಟೆಗೆ ನಸುಕಿನಲ್ಲಿ ಹೋದವರು ಅಲ್ಲಿಯ ಹಮಾಲರನ್ನು ಕಂಡೇ ಇರುತ್ತಾರೆ. ತಲೆಯ ಮೇಲೆ ಮೂಟೆ ಏರಿದೊಡನೆ ಮನುಷ್ಯನ ಆಕೃತಿಯೇ ಬೇರೆಯಾಗುತ್ತದೆ. ಕತ್ತು ಕಂಬದಂತೆ ನೆಟ್ಟಗಾಗುತ್ತದೆ. ಬೆನ್ನೆಲುಬಿನ ಎರಡೂ ಮಗ್ಗುಲಿನ ಸ್ನಾಯುಗಳು ಹುರಿಗಟ್ಟಿ ಅವುಗಳ ನಡುವೆ ಕಾಲುವೆಯಂಥ ತಗ್ಗು ಮೂಡುತ್ತದೆ. ಮೀನಖಂಡ ಗಟ್ಟಿಯಾಗಿ ಮೇಲಕ್ಕೆ ಸರಿಯುತ್ತದೆ. ಮಹಾರಾಷ್ಟ್ರದಲ್ಲಿ ಇವರಿಗೆ ಮಾಥಾಡಿಗಳೆಂದು ಹೆಸರು. 1969ರಲ್ಲಿ ಇವರ ರಕ್ಷಣೆಗಾಗಿಯೇ ಒಂದು ಕಾಯಿದೆಯಾಯಿತು. ಈ ಪೇಟೆಯಾದರೂ ಮೊದಲಿನಿಂದ ಇಲ್ಲಿದ್ದುದಲ್ಲ. 1990ರ ದಶಕದಲ್ಲಿ ಖಾಡಿಯನ್ನು ದಾಟಿ ಇಲ್ಲಿಗೆ ಬರುವ ಮುನ್ನ ಮುಂಬಯಿಯ ಹಣ್ಣಿನ ಸಗಟು ವ್ಯಾಪಾರವು ಕ್ರಾಫರ್ಡ್ ಮಾರ್ಕೆಟಿನಲ್ಲಿಯೂ ತರಕಾರಿಯದು ಬೈಕಲಾದಲ್ಲಿಯೂ ನಡೆಯುತ್ತಿದ್ದಿತು. ಈ ಎರಡು ಪೇಟೆಗಳ ನೆರೆಯಲ್ಲಿಯೇ ಮನುಷ್ಯದೇಹವನ್ನು ಓದುವ ಎರಡು ಸಂಸ್ಥೆಗಳು ಬೆಳೆದವೆಂಬುದು ಗಮನಾರ್ಹವಾಗಿದೆ. ಕ್ರಾಫರ್ಡ್ ಮಾರ್ಕೆಟಿನ ಎದುರಿಗಿರುವುದು ಸರ್ ಜೆ. ಜೆ. ಕಲಾಶಾಲೆ, ಬೈಕಲಾದಲ್ಲಿರುವುದು ಗ್ರ್ಯಾಂಟ್ ವೈದ್ಯಕೀಯ ಕಾಲೇಜು ಮತ್ತು ಅದಕ್ಕೆ ಹೊಂದಿಕೊಂಡ ಜೆ. ಜೆ. ಆಸ್ಪತ್ರೆ.

ಹೆಸರೇ ಹೇಳುವಂತೆ ಆಸ್ಪತ್ರೆಗೂ ಕಲಾಶಾಲೆಗೂ ದಾನಿ ಒಬ್ಬರೇ. ಪಾರಸೀ ವರ್ತಕ ಸರ್ ಜಮ್‌ಶೇಟಜಿ ಜೀಜೀಭಾಯಿಯವರು ಕೊಟ್ಟ ಹಣದ ನೆರವಿನಿಂದ 1845ರಲ್ಲಿ ಆಸ್ಪತ್ರೆ ತೆರೆಯಿತು. ಅದೇ ವರುಷ ಗ್ರ್ಯಾಂಟ್ ಕಾಲೇಜೂ ಆರಂಭವಾಯಿತು. 1853ರಲ್ಲಿ ಅವರು ಒಂದು ಲಕ್ಷ ರೂಪಾಯಿಯನ್ನು ಕಲಾಶಿಕ್ಷಣಕ್ಕಾಗಿ ತೆಗೆದಿರಿಸಲು, 1857ರ ಮಾರ್ಚಿನಲ್ಲಿ ಎಲ್ಫಿನ್‌ಸ್ಟನ್ ಸಂಸ್ಥೆಯ ಕಟ್ಟಡದಲ್ಲಿ ಚಿತ್ರಕಲೆಯ ವರ್ಗಗಳು ಮೊದಲಾದವು. ಹೀಗೆ ಒಬ್ಬನೇ ದಾನಿಯ ಹಣದಿಂದ ಒಂದು ಕಡೆ ದೇಹವನ್ನು ಕತ್ತಿಯಿಂದ ಬಿಡಿಸಿ ನೋಡುವ ವಿದ್ಯೆಯೂ ಮತ್ತೊಂದು ಕಡೆ ಇದ್ದಲಿನ ಗೆರೆಯಿಂದ ಬಿಡಿಸಿ ನೋಡುವ ವಿದ್ಯೆಯೂ ಒಂದೇ ಊರಿನಲ್ಲಿ ನೆಲೆಗೊಂಡವು. ಈ ಎರಡನೆಯ ವಿದ್ಯೆ ಕನ್ನಡ ಚಿತ್ರಕಾರರ ಕೈಗೆ ಹೇಗೆ ಬಂದಿತು, ಬಂದ ಮೇಲೆ ಏನಾಯಿತು ಎಂಬುದೇ ಪ್ರಸ್ತುತ ವಿಷಯ.

ವೈದ್ಯನಿಗೂ ಚಿತ್ರಕಾರನಿಗೂ ಇರುವ ನಂಟು ಯುರೋಪಿನಲ್ಲಿ ಹಳೆಯದು. ಲಿಯೊನಾರ್ಡೊ ದ ವಿಂಚಿ ಶವಗಳನ್ನು ತಾನೇ ಛೇದಿಸಿ ಕಂಡುದನ್ನು ಗೆರೆಯಲ್ಲಿ ಬರೆದಿಟ್ಟನು. ಆದರೆ ಆ ಹಾಳೆಗಳು ಅವನ ಕಾಲದಲ್ಲಿ ಅಚ್ಚಾಗಲಿಲ್ಲ. ಕ್ರಿ. ಶ. 1543ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾದ ವೆಸೇಲಿಯಸನ ಗ್ರಂಥವೇ ಈ ಶಾಸ್ತ್ರಕ್ಕೆ ಹೊಸ ದಾರಿ ಹಾಕಿತು. ಅದರ ಮರದಚ್ಚಿನ ಚಿತ್ರಗಳಲ್ಲಿ ಚರ್ಮ ಸುಲಿದ ಮನುಷ್ಯನು ಶವದಂತೆ ಮಲಗಿಲ್ಲ. ಬೆಟ್ಟಗುಡ್ಡಗಳ ಮುಂದೆ ಬದುಕಿರುವವನಂತೆ ನಿಂತಿದ್ದಾನೆ. ಸ್ನಾಯು ಎಲ್ಲಿದೆ ಎಂಬುದನ್ನಷ್ಟೇ ತೋರಿಸಿದರೆ ಸಾಲದು, ನಿಂತಾಗ ಅದು ಮಾಡುವ ಕೆಲಸವೇನು ಎಂಬುದನ್ನೂ ತೋರಿಸಬೇಕೆಂಬ ಬಯಕೆ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಈ ಪರಂಪರೆಯ ಒಂದು ಕೊಂಡಿ ಮುಂಬಯಿಗೇ ಬಂದು ಸೇರಿತೆಂಬುದನ್ನು ಬಲ್ಲವರು ವಿರಳ. ಜಗತ್ತಿನ ವೈದ್ಯವಿದ್ಯಾರ್ಥಿಗಳೆಲ್ಲ ಓದುವ ಗ್ರೇ ಅವರ ಶರೀರರಚನಾಗ್ರಂಥವು 1858ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದಕ್ಕೆ ಚಿತ್ರ ಬರೆದವರು ಹೆನ್ರಿ ವ್ಯಾಂಡೈಕ್ ಕಾರ್ಟರ್ ಎಂಬ ತರುಣ ವೈದ್ಯರು. ಎಲುಬು, ನರ, ರಕ್ತನಾಳಗಳ ಹೆಸರುಗಳನ್ನು ಆಯಾ ಅಂಗದ ಮೇಲೆಯೇ ಬರೆದುದು ಅವರ ಚಿತ್ರಗಳ ವಿಶೇಷ. ಅದರಿಂದ ಓದುಗನ ಕಣ್ಣು ಚಿತ್ರಕ್ಕೂ ವಿವರಣೆಗೂ ನಡುವೆ ಅಲೆಯುವುದು ತಪ್ಪಿತು. ಪುಸ್ತಕ ಹೊರಬರುವ ಹೊತ್ತಿಗೆ ಕಾರ್ಟರ್ ಅವರು ಲಂಡನ್ನಿನಲ್ಲಿರಲಿಲ್ಲ. ಆ ವರುಷವೇ ಹಡಗು ಹತ್ತಿ ಮುಂಬಯಿಗೆ ಬಂದು ಗ್ರ್ಯಾಂಟ್ ಕಾಲೇಜಿನಲ್ಲಿ ಶರೀರರಚನೆಯನ್ನು ಬೋಧಿಸತೊಡಗಿದ್ದರು. ಮುಂದೆ ಆ ಕಾಲೇಜಿನ ಪ್ರಾಂಶುಪಾಲರೂ ಆದರು. ಕುಷ್ಠ ಮತ್ತು ಮದುರಾ ಪಾದ ರೋಗಗಳ ಮೇಲೆ ಸಂಶೋಧನೆ ನಡೆಸಿ 1888ರಲ್ಲಿ ಸ್ವದೇಶಕ್ಕೆ ಮರಳಿದರು. ಗ್ರಂಥದ ಮುಖಪುಟದ ಕರಡಿನಲ್ಲಿ ಚಿತ್ರಕಾರನ ಹೆಸರನ್ನು ಸಣ್ಣ ಅಕ್ಷರಕ್ಕೆ ಇಳಿಸಲು ಗ್ರೇ ಅವರೇ ಸೂಚಿಸಿದ್ದರೆಂದು ಈಚಿನ ಸಂಶೋಧನೆ ತೋರಿಸಿಕೊಟ್ಟಿದೆ. ಮಾತಿಗೆ ದೊಡ್ಡ ಅಕ್ಷರ, ಗೆರೆಗೆ ಸಣ್ಣ ಅಕ್ಷರ ಎಂಬುದು ವಿದ್ವತ್ತಿನ ಹಳೆಯ ರೂಢಿಯೇ ಸರಿ.

ಇತ್ತ ಕಲಾಶಾಲೆಯಲ್ಲಿ ಆಗಿನ ಅಭ್ಯಾಸ ಬೇರೆ ಬಗೆಯದಾಗಿದ್ದಿತು. 1865ರಲ್ಲಿ ಬಂದ ಜಾನ್ ಗ್ರಿಫಿತ್ಸ್ ಮತ್ತು ಲಾಕ್‌ವುಡ್ ಕಿಪ್ಲಿಂಗ್ ಇಬ್ಬರೂ ಶ್ರದ್ಧಾವಂತ ಅಧ್ಯಾಪಕರೇ. ಗ್ರಿಫಿತ್ಸರು ವಿದ್ಯಾರ್ಥಿಗಳೊಡನೆ 1872ರಿಂದ ಅಜಂತೆಯ ಭಿತ್ತಿಚಿತ್ರಗಳ ಪ್ರತಿಗಳನ್ನು ಬರೆಯಿಸಿದರು. ಕಿಪ್ಲಿಂಗರು ಎದುರಿನ ಕ್ರಾಫರ್ಡ್ ಮಾರ್ಕೆಟಿನ ಬಾಗಿಲುಗಳ ಮೇಲಣ ಉಬ್ಬುಶಿಲ್ಪಗಳನ್ನು ರೂಪಿಸಿದರು; ದುಡಿಯುವ ರೈತರನ್ನು ಅವುಗಳಲ್ಲಿ ಇಂದಿಗೂ ಕಾಣಬಹುದು. ಆದರೆ ತರಗತಿಯೊಳಗೆ ವಿದ್ಯಾರ್ಥಿಯ ಮುಂದಿದ್ದುದು ಮುಖ್ಯವಾಗಿ ಪ್ಲಾಸ್ಟರಿನಲ್ಲಿ ಎರಕ ಹೊಯ್ದ ಗ್ರೀಕ್ ಮೂರ್ತಿಗಳ ಪಡಿಯಚ್ಚುಗಳು. ಬೆಳಕು ನೆರಳುಗಳ ಹದವನ್ನು ಹುಡುಗನು ತಿಂಗಳುಗಟ್ಟಲೆ ಅವುಗಳಿಂದ ಕಲಿಯುತ್ತಿದ್ದನು. ದೇಹದ ಉಬ್ಬುತಗ್ಗುಗಳು ಅವನ ಕೈಗೆ ಬಂದವೆಂಬುದು ನಿಜ. ಆದರೆ ಪ್ಲಾಸ್ಟರಿನ ಮೂರ್ತಿಗೆ ದಣಿವೆಂಬುದಿಲ್ಲ. ಬೆಳಿಗ್ಗೆ ಹೇಗಿದ್ದಿತೋ ಸಂಜೆಗೂ ಹಾಗೆಯೇ ಇರುತ್ತದೆ. ಉಸಿರಾಡುವ ಎದೆ, ಸೋತು ಕುಸಿಯುವ ಸೊಂಟ, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುವ ಪಾದ, ಇವು ಯಾವುವೂ ಅದರಲ್ಲಿ ಕಾಣಸಿಗುವಂಥವಲ್ಲ.

ಬದಲಾವಣೆ ಬಂದುದು 1919–20ರ ಸುಮಾರಿಗೆ. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಕಲಿತು ಬಂದ ಕ್ಯಾಪ್ಟನ್ ಗ್ಲಾಡ್‌ಸ್ಟನ್ ಸಾಲೊಮನ್ ಅವರು ಶಾಲೆಯ ಸೂತ್ರವನ್ನು ಹಿಡಿದವರೇ ಜೀವಂತ ಮಾದರಿಯನ್ನು ಕೂರಿಸಿ ಬರೆಯುವ ವರ್ಗವನ್ನು ತೆರೆದರು. ‘ಲೈಫ್ ಕ್ಲಾಸ್’ ಎಂಬ ಹೆಸರಿನಿಂದಲೇ ಅದು ಇಂದಿಗೂ ಪರಿಚಿತ. ಬಟ್ಟೆಯ ಮರೆಯಿಲ್ಲದ ಮನುಷ್ಯನನ್ನು ನೋಡಿ ಬರೆಯುವುದು ಸಭ್ಯವೇ ಎಂಬ ಪ್ರಶ್ನೆ ಎದ್ದುದು ಸಹಜ. ಅದಕ್ಕಿಂತ ತೀವ್ರವಾದ ಆಕ್ಷೇಪ ಕಲಕತ್ತೆಯ ಕಲಾಪಂಥದ ಕಡೆಯದು: ಪಶ್ಚಿಮದ ಅಂಗರಚನೆಯ ವ್ಯಾಮೋಹದಿಂದ ಭಾರತೀಯ ರೇಖೆ ಕೆಡುತ್ತದೆ, ನಮ್ಮ ಶಿಲ್ಪಿಗಳು ಸ್ನಾಯುಗಳನ್ನು ಎಣಿಸುತ್ತ ಕೂರಲಿಲ್ಲ ಎಂದು. ಈ ವಾದವನ್ನು ಹಾಗೆಯೇ ಒಪ್ಪುವ ಮೊದಲು ನಮ್ಮ ಶಾಸ್ತ್ರಗಳು ಹೇಳುವುದೇನೆಂದು ನೋಡುವುದು ಒಳ್ಳೆಯದು.

ದೇಹವನ್ನು ಕಣ್ಣಾರೆ ನೋಡಬೇಕೆಂಬುದು ಈ ನಾಡಿಗೆ ಹೊಸ ಮಾತಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದ 5ನೆಯ ಅಧ್ಯಾಯದಲ್ಲಿ ಅದರ ವಿಧಾನವೇ ಇದೆ. ಶವವನ್ನು ಹುಲ್ಲು ನಾರುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಜನರ ಕಣ್ಣಿಗೆ ಬೀಳದ ಎಡೆಯಲ್ಲಿ ಹರಿಯುವ ನೀರಿನಲ್ಲಿ ಮುಳುಗಿಸಬೇಕು. ಏಳು ರಾತ್ರಿಗಳ ಅನಂತರ ಹೊರತೆಗೆದು ಲಾವಂಚ, ಕೂದಲು, ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಚರ್ಮದಿಂದ ಮೊದಲುಗೊಂಡು ಒಂದೊಂದು ಪದರವನ್ನೂ ಕಣ್ಣಿನಿಂದ ನೋಡಬೇಕು. ಶಾಸ್ತ್ರದಲ್ಲಿ ಓದಿದುದೂ ಪ್ರತ್ಯಕ್ಷವಾಗಿ ಕಂಡುದೂ ಕೂಡಿದಾಗಲೇ ಜ್ಞಾನ ಬೆಳೆಯುತ್ತದೆಂಬುದು ಆ ಆಚಾರ್ಯನ ಮತ. ಇಲ್ಲಿ ಕತ್ತಿಯಿಲ್ಲ, ಕುಂಚವಿದೆ ಎಂಬ ಸಂಗತಿ ಚಿತ್ರಕಾರನಿಗೆ ಮೆಚ್ಚುಗೆಯಾಗತಕ್ಕದ್ದು. ಕಾಲಾನಂತರ ಈ ರೂಢಿ ತಪ್ಪಿಹೋಯಿತು. 1836ರಲ್ಲಿ ಕಲಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಮಧುಸೂದನ ಗುಪ್ತರು ಶವಚ್ಛೇದನಕ್ಕೆ ಕೈಹಾಕಿದಾಗ ಅದು ದೊಡ್ಡ ಸುದ್ದಿಯಾಯಿತು.

ಚಿತ್ರ ಶಿಲ್ಪಗಳ ಶಾಸ್ತ್ರ ಹಿಡಿದ ದಾರಿ ಅಳತೆಯದು. ಕೂದಲಿನ ಅಂಚಿನಿಂದ ಗದ್ದದವರೆಗಿನ ಮುಖ ಒಂದು ತಾಳ, ಎಂದರೆ 12 ಅಂಗುಲ. ನವತಾಳದ ಆಕೃತಿಯಲ್ಲಿ ಮುಖ 12, ಕೊರಳು 4, ಕೊರಳಿನಿಂದ ಎದೆಗೆ 12, ಎದೆಯಿಂದ ನಾಭಿಗೆ 12, ನಾಭಿಯಿಂದ ಕಿಬ್ಬೊಟ್ಟೆಯ ಕೊನೆಗೆ 12, ತೊಡೆ 24, ಮೊಣಕಾಲು 4, ಕಣಕಾಲು 24, ಪಾದದ ಎತ್ತರ 4, ಒಟ್ಟು 108. ದೊಡ್ಡ ದೇವತೆಗಳಿಗೆ ದಶತಾಳ. ಭಾರತೀಯ ಮೂರ್ತಿಗಳು ಬೇಕೆಂದೇ ನೀಳವಾದವು, ಯುರೋಪಿನವು ಏಳೂವರೆ ಎಂಟು ತಲೆಗಳ ಸಹಜ ಅಳತೆಯವು ಎಂದು ಹೇಳುವವರಿದ್ದಾರೆ. ಇದು ಎಣಿಕೆಯ ತಪ್ಪು. ಅಲ್ಲಿ ಎಣಿಸುವುದು ನೆತ್ತಿಯಿಂದ ಗದ್ದದವರೆಗಿನ ತಲೆಯನ್ನು, ಇಲ್ಲಿ ಎಣಿಸುವುದು ಮುಖವನ್ನು ಮಾತ್ರ. ರೋಮಿನ ವಿಟ್ರೂವಿಯಸನು ತಲೆ ಎತ್ತರದ ಎಂಟನೆಯ ಒಂದು ಭಾಗ, ಮುಖ ಹತ್ತನೆಯ ಒಂದು ಭಾಗ ಎಂದು ಎರಡನ್ನೂ ಕೊಟ್ಟಿದ್ದಾನೆ. ಆ ಲೆಕ್ಕದಂತೆ ಅವನ ಮನುಷ್ಯನೂ ದಶತಾಳದವನೇ ಆಗುತ್ತಾನೆ.

ಅಳತೆಯಷ್ಟೇ ಅಲ್ಲ, ದೇಹ ತಿರುಗಿದಾಗ ಅಳತೆ ಹೇಗೆ ಕುಗ್ಗುತ್ತದೆಂಬುದನ್ನೂ ನಮ್ಮವರು ಯೋಚಿಸಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಚಿತ್ರಪ್ರಕರಣದಲ್ಲಿ ಈ ವಿಷಯವಿದೆ. (ಈ ಕಲ್ಯಾಣ ಠಾಣೆಯ ನೆರೆಯ ಕಲ್ಯಾಣವಲ್ಲ, ಬೀದರ ಜಿಲ್ಲೆಯ ಬಸವಕಲ್ಯಾಣ, ಇಲ್ಲಿಯ ವಾಚಕರಿಗೆ ಇದನ್ನು ನೆನಪಿಸುವುದು ಅವಶ್ಯ.) ಆಕೃತಿಯ ನಟ್ಟನಡುವೆ ಬ್ರಹ್ಮಸೂತ್ರವೆಂಬ ಲಂಬರೇಖೆ, ಅದರ ಇಕ್ಕೆಲಗಳಲ್ಲಿ ಪಕ್ಷಸೂತ್ರಗಳು. ಎದುರುಮುಖದ ಋಜುಸ್ಥಾನದಿಂದ ಪೂರ್ಣ ಪಾರ್ಶ್ವಮುಖದವರೆಗೆ ದೇಹ ತಿರುಗುತ್ತ ಹೋದಂತೆ ಈ ಸೂತ್ರಗಳ ಅಂತರ ಒಂದು ಪಕ್ಕದಲ್ಲಿ ಕುಗ್ಗಿ ಇನ್ನೊಂದು ಪಕ್ಕದಲ್ಲಿ ಹಿಗ್ಗುತ್ತದೆ. ಇಂದಿನ ಚಿತ್ರಶಾಲೆಯ ಹುಡುಗನು ತೋಳು ಚಾಚಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ ಮಾಡುವ ಕೆಲಸವೂ ಇದರ ಜಾತಿಯದೇ. ಇನ್ನು ಬೇಲೂರಿನ ಮದನಿಕೆಯರ ಭಂಗಿಗಳನ್ನು ಕಂಡವರು, ಆ ಶಿಲ್ಪಿಗಳು ಜೀವಂತ ದೇಹವನ್ನು ನೋಡದೆ ಬರಿಯ ಶ್ಲೋಕದಿಂದ ಅವುಗಳನ್ನು ಕೆತ್ತಿದರೆಂದು ನಂಬಲಾರರು.

ಆದುದರಿಂದ ಕಲಕತ್ತೆ ಮುಂಬಯಿಗಳ ಜಗಳದಲ್ಲಿ ಒಂದು ಪಕ್ಷ ಭಾರತೀಯ, ಇನ್ನೊಂದು ಪರಕೀಯ ಎನ್ನುವುದು ಅಷ್ಟು ಸರಳವಲ್ಲ. ಅವನೀಂದ್ರನಾಥ ಠಾಕೂರರು 1914ರಲ್ಲಿ ಭಾರತೀಯ ಅಂಗರಚನೆಯ ಕುರಿತು ಬರೆದ ಕಿರುಹೊತ್ತಗೆ ಮನೋಹರವಾದುದು. ಮುಖಕ್ಕೆ ಮೊಟ್ಟೆ, ಕಣ್ಣಿಗೆ ಮೀನು, ಮುಂಡಕ್ಕೆ ಗೋಮುಖ, ತೊಡೆಗೆ ಬಾಳೆಯ ಕಾಂಡ ಎಂದು ಕವಿಸಮಯಗಳನ್ನೇ ಅಲ್ಲಿ ಆಕಾರದ ನಿಯಮಗಳನ್ನಾಗಿ ಮಾಡಿದ್ದಾರೆ. ಮೈಸೂರಿನ ಕೆ. ವೆಂಕಟಪ್ಪನವರು ಅದೇ ಕಾಲದಲ್ಲಿ ಅವರ ಶಿಷ್ಯರಾಗಿದ್ದರು. ಆದರೆ ಬಾಳೆಯ ಕಾಂಡ ಮೊಣಕಾಲಿನಲ್ಲಿ ಮಡಿಸುವುದಿಲ್ಲ. ಉಪಮೆಯು ಅಂಗದ ಚೆಲುವನ್ನು ತಿಳಿಸೀತು; ಕೀಲಿನಲ್ಲಿ ಏನಾಗುತ್ತದೆಂಬುದನ್ನು ತಿಳಿಸಲಾರದು.

ಕೀಲಿನಲ್ಲಿ ಏನಾಗುತ್ತದೆಂಬುದೇ ಜೀವಂತ ಮಾದರಿಯ ವರ್ಗದ ಪಾಠ. ಒಂದೇ ಕಾಲಿನ ಮೇಲೆ ಭಾರ ಊರಿ ನಿಂತವನ ಸೊಂಟ ಆ ಪಕ್ಕದಲ್ಲಿ ಮೇಲೇರುತ್ತದೆ. ಸಮತೋಲಕ್ಕಾಗಿ ಅದೇ ಪಕ್ಕದ ಹೆಗಲು ಕೆಳಗಿಳಿಯುತ್ತದೆ. ನಡುವೆ ಬೆನ್ನೆಲುಬು ಬಾಗುತ್ತದೆ. ಕೊರಳ ಗುಳಿಯಿಂದ ತೂಗುಗುಂಡನ್ನು ಇಳಿಬಿಟ್ಟರೆ ದಾರವು ಭಾರ ಹೊತ್ತ ಪಾದದ ಬಳಿಯಲ್ಲಿಯೇ ನಿಲ್ಲುತ್ತದೆ. ಇಷ್ಟನ್ನು ಕಂಡುಕೊಳ್ಳದೆ ಬರೆದ ಆಕೃತಿ ಎಷ್ಟು ನುಣುಪಾಗಿದ್ದರೂ ಹಾಳೆಯ ಮೇಲೆ ಬೀಳುವಂತೆ ತೋರುತ್ತದೆ. ಚರ್ಮದ ಕೆಳಗೆ ಎಲುಬು ಎಲ್ಲೆಲ್ಲಿ ಮೇಲಕ್ಕೆ ಬರುತ್ತದೆಂಬುದನ್ನು ವಿದ್ಯಾರ್ಥಿ ಗುರುತಿಟ್ಟುಕೊಳ್ಳಬೇಕು. ಕೊರಳ ಬುಡದ ಎರಡು ಅಡ್ಡೆಲುಬುಗಳು, ಹೆಗಲ ತುದಿ, ಮೊಣಕೈ, ಸೊಂಟದ ಎಲುಬಿನ ಮುಂದಣ ಎರಡು ಮೊನೆಗಳು, ಮೊಣಕಾಲ ಚಿಪ್ಪು, ಪಾದದ ಹರಡು, ಇವು ಮನುಷ್ಯ ಕೊಬ್ಬಿರಲಿ ಬಡಕಲಾಗಿರಲಿ ಹೆಚ್ಚು ಮರೆಯಾಗುವುದಿಲ್ಲ. ಇವುಗಳ ನಡುವೆ ಗೆರೆ ಎಳೆದರೆ ಒಳಗಿನ ಅಸ್ಥಿಪಂಜರ ತಾನಾಗಿ ಗೋಚರಿಸುತ್ತದೆ. ಬಲ್ಲ ಅಧ್ಯಾಪಕರು ಮೊದಲು ಎರಡು ನಿಮಿಷದ ಭಂಗಿಗಳನ್ನು ಬರೆಯಿಸಿ, ಆಮೇಲೆ ತಾಸುಗಟ್ಟಲೆ ನಿಲ್ಲುವ ಭಂಗಿಗೆ ಬರುವುದುಂಟು. ಎರಡು ನಿಮಿಷದಲ್ಲಿ ಸ್ನಾಯು ಎಣಿಸಲು ಬಿಡುವಿಲ್ಲ. ಭಾರ ಎಲ್ಲಿದೆ ಎಂಬುದೊಂದನ್ನು ಹಿಡಿಯಲು ಮಾತ್ರ ಸಾಧ್ಯ. ದೀರ್ಘ ಭಂಗಿಯಲ್ಲಿ ಮಾದರಿ ದಣಿಯುತ್ತಾನೆ. ತಾಸಿನ ಕೊನೆಗೆ ಹೆಗಲು ಮೊದಲಿದ್ದಲ್ಲಿ ಇರುವುದಿಲ್ಲ, ಎತ್ತಿದ ಕೈ ತುಸು ಇಳಿದಿರುತ್ತದೆ. ಹೊಸ ವಿದ್ಯಾರ್ಥಿ ಇದನ್ನು ಮಾದರಿಯ ತಪ್ಪೆಂದು ಬಗೆಯುತ್ತಾನೆ. ಕೆಲವು ತಿಂಗಳು ಕಳೆದ ಮೇಲೆ, ತಾನು ಕಲಿಯಬೇಕಾದುದು ಆ ಇಳಿತವನ್ನೇ ಎಂದು ಅವನಿಗೆ ಹೊಳೆಯುತ್ತದೆ.

ಕನ್ನಡ ನಾಡಿನ ತರುಣರು ಈ ವರ್ಗಕ್ಕೆ ಬಂದುದು ಹೇಗೆ? ಉತ್ತರ ಕರ್ನಾಟಕದ ಹಲವು ಜಿಲ್ಲೆಗಳೂ ಉತ್ತರ ಮತ್ತು ದಕ್ಷಿಣ ಕನ್ನಡಗಳೂ ಮುಂಬಯಿಯೊಡನೆ ಆಡಳಿತದಿಂದಲೋ ಹೊಟ್ಟೆಪಾಡಿನಿಂದಲೋ ಬೆಸೆದಿದ್ದುವು; ಚಿತ್ರಕಲೆಯ ಸರಕಾರಿ ಪರೀಕ್ಷೆಗಳಿಗೂ ಮುಂಬಯಿ ಕರ್ನಾಟಕದ ಹುಡುಗರು ಕುಳಿತುಕೊಳ್ಳುತ್ತಿದ್ದರು. ಧಾರವಾಡದ ಡಿ. ವಿ. ಹಾಲಭಾವಿಯವರಂಥವರು ಜೆ. ಜೆ.ಯಲ್ಲಿ ಕಲಿತು ಊರಿಗೆ ಮರಳಿ ಶಾಲೆ ತೆರೆದರು. ಮುಂಬಯಿಯಲ್ಲಿಯೇ ಉಳಿದವರಲ್ಲಿ ಜಿ. ಎಸ್. ದಂಡಾವತಿಮಠರ ಹೆಸರು ಮೊದಲು ಹೇಳತಕ್ಕದ್ದು. ಅವರ ನೂತನ ಕಲಾ ಮಂದಿರವು ಅನೇಕ ತರುಣರಿಗೆ ಜೆ. ಜೆ.ಯ ಹೊಸ್ತಿಲಾಯಿತು. ಹಳ್ಳಿಯಿಂದ ಬಂದವನಿಗೆ ದೊಡ್ಡ ಸಂಸ್ಥೆಯ ಬಾಗಿಲು ದಾಟುವ ಮೊದಲು ಕೈ ತಿದ್ದುವ ಒಬ್ಬ ಗುರು ಬೇಕಾಗುತ್ತದೆ. ಆ ಕೆಲಸವನ್ನು ಮಾಡಿದವರ ಹೆಸರು ಕಲಾಚರಿತ್ರೆಯಲ್ಲಿ ಶಿಷ್ಯರ ವೃತ್ತಾಂತದ ಒಂದು ಸಾಲಾಗಿ ಮಾತ್ರ ಉಳಿಯುವುದು ವಿಷಾದಕರ. ಅವರ ಬಳಿ ಕಲಿತ ಇಬ್ಬರು ಕನ್ನಡಿಗರು, ಒಂದೇ ಪಾಠವನ್ನು ಎರಡು ತುದಿಗೆ ಒಯ್ದರು.

ಒಬ್ಬರು ಕಲಬುರ್ಗಿಯ ಎಸ್. ಎಂ. ಪಂಡಿತರು. 1916ರಲ್ಲಿ ಹುಟ್ಟಿದ ಇವರು ಮುಂಬಯಿಗೆ ಬಂದು ನೂತನ ಕಲಾ ಮಂದಿರದಲ್ಲಿಯೂ ಬಳಿಕ ಜೆ. ಜೆ.ಯಲ್ಲಿ ಸಾಲೊಮನ್ನರ ಕೈಕೆಳಗೂ ಅಭ್ಯಾಸ ಮಾಡಿ, ಹಾಲಿವುಡ್ಡಿನ ಚಿತ್ರಗಳಿಗೆ ಥಿಯೇಟರಿನ ಪ್ರದರ್ಶನಫಲಕಗಳನ್ನು, ಸಿನಿಮಾ ಪತ್ರಿಕೆಗಳಿಗೆ ಮುಖಪುಟಗಳನ್ನು ಬರೆದರು. ಅನಂತರ ಅವರ ಪುರಾಣಚಿತ್ರಗಳು ಕ್ಯಾಲೆಂಡರುಗಳ ಮೂಲಕ ಮನೆಮನೆಯ ಗೋಡೆಯನ್ನು ಸೇರಿದವು. ರವಿವರ್ಮನ ದೇವತೆಗಳು ಸಾಮಾನ್ಯವಾಗಿ ಮೃದು ಮೈಯವರು. ಪಂಡಿತರ ವೀರರಾದರೋ ಗರಡಿಯಲ್ಲಿ ಸಾಮು ಮಾಡಿ ಬಂದವರು. ಬಿಲ್ಲು ಎಳೆದವನ ಬೆನ್ನಿನಲ್ಲಿ ಹೆಗಲ ಹಲಗೆಗಳು ಹತ್ತಿರ ಸರಿಯುತ್ತವೆ, ಮುಂದೆ ಇಟ್ಟ ಕಾಲಿನ ತೊಡೆ ಬಿಗಿಯುತ್ತದೆ. ಕ್ಯಾಲೆಂಡರಿನ ಕಲೆಯೆಂದು ವಿಮರ್ಶಕರು ಬಹುಕಾಲ ಇದನ್ನು ಕಡೆಗಣಿಸಿದರು. ಬಣ್ಣ ಅತಿಯಾಯಿತೆಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಲೈಫ್ ಕ್ಲಾಸಿನ ಹೆಸರನ್ನೇ ಕೇಳದ ಕೋಟ್ಯಂತರ ಜನರಿಗೆ ಮನುಷ್ಯದೇಹದ ಒಳಗಟ್ಟನ್ನು ತೋರಿಸಿದುದು ಇಂಥ ಚಿತ್ರಗಳೇ. ಪಂಡಿತರು 1993ರಲ್ಲಿ ತೀರಿಕೊಂಡರು.

ಇನ್ನೊಬ್ಬರು ಉಡುಪಿಯ ಹತ್ತಿರದ ಕಟ್ಟಿಂಗೇರಿಯ ಕೆ. ಕೃಷ್ಣ ಹೆಬ್ಬಾರರು. 1911ರಲ್ಲಿ ಜನಿಸಿದ ಅವರು ದಂಡಾವತಿಮಠರ ಬಳಿ ತಯಾರಾಗಿ 1938ರಲ್ಲಿ ಜೆ. ಜೆ.ಯ ಡಿಪ್ಲೊಮಾ ಪಡೆದರು. ಬಳಿಕ ಕೆಲವು ವರುಷ ಅಲ್ಲಿಯೇ ಅಧ್ಯಾಪಕರಾಗಿದ್ದರು. 1949–50ರಲ್ಲಿ ಪ್ಯಾರಿಸಿನ ಅಕಾಡೆಮಿ ಜೂಲಿಯನ್ನಿನಲ್ಲಿ ಮತ್ತೆ ವಿದ್ಯಾರ್ಥಿಯಾದರು. ಇಷ್ಟೆಲ್ಲ ಆಕೃತಿಯ ಅಭ್ಯಾಸ ಮಾಡಿದವರು ಕೊನೆಗೆ ನೆರಳನ್ನೂ ಸ್ನಾಯುವನ್ನೂ ಬಿಟ್ಟು ಒಂದೇ ಗೆರೆಗೆ ಬಂದುದು ಆಶ್ಚರ್ಯಕರ. 1964ರಲ್ಲಿ ಮುಂಬಯಿಯಲ್ಲಿ ‘ಹಾಡುವ ರೇಖೆ’ ಎಂಬರ್ಥದ ಇಂಗ್ಲಿಷ್ ಹೆಸರಿನಿಂದ ಅವರ ರೇಖಾಚಿತ್ರಗಳ ಸಂಪುಟ ಹೊರಬಂದಿತು. ನರ್ತಕಿ, ವಾದಕ, ಯಕ್ಷಗಾನದ ವೇಷಧಾರಿ, ಯಾರೇ ಆಗಲಿ ಎರಡು ಮೂರು ಗೆರೆಗಳಲ್ಲಿ ನಿಂತಿರುತ್ತಾರೆ. ಆ ಗೆರೆ ನೋಡಲು ಕೈಯಾಟದಂತೆ ತೋರಿದರೂ ಅದರ ಹಿಂದೆ ಇದ್ದಲಿನ ಎಷ್ಟೋ ಹಾಳೆಗಳಿವೆ. ವಾದಕನ ಮೊಣಕೈಯ ಕೋನ, ನರ್ತಕಿಯ ಸೊಂಟದ ಓರೆ, ಹಿಂದಿನ ಹಿಮ್ಮಡಿಯ ಏರಿಕೆ ಯಾವುದೂ ಕೀಲಿನ ನಿಯಮವನ್ನು ಮೀರುವುದಿಲ್ಲ. ಯಕ್ಷಗಾನದ ವೇಷವು ಮೈಯನ್ನು ಪೂರ್ತಿ ಮುಚ್ಚುವಂಥದು. ಅದರೊಳಗಿನ ನಡೆಯನ್ನು ಬರೆಯಬೇಕಾದರೆ, ಕಾಣದ ಮೊಣಕಾಲು ಎಲ್ಲಿದೆ ಎಂಬುದು ಕೈಗೆ ತಿಳಿದಿರಬೇಕು.

ಹೆಬ್ಬಾರರು ಕಲಾಶಾಲೆಯ ಪಾಠದಿಂದ ತೃಪ್ತರಾಗಲಿಲ್ಲ. ಲಯವನ್ನು ಅರಿಯುವುದಕ್ಕಾಗಿ ಪಂಡಿತ ಸುಂದರ ಪ್ರಸಾದರ ಬಳಿ ಎರಡು ವರುಷ ಕಥಕ್ ನೃತ್ಯವನ್ನು ಕಲಿತರು. ಮಾದರಿಯ ದೇಹವನ್ನು ಹೊರಗಿನಿಂದ ನೋಡಿ ಬರೆದವರು ಕಡೆಗೆ ತಮ್ಮ ದೇಹವನ್ನೇ ಒಳಗಿನಿಂದ ಮಾದರಿಯಾಗಿ ಮಾಡಿಕೊಂಡರು. ಚಕ್ಕರ್ ಹೊಡೆದು ನಿಂತಾಗ ಭಾರ ಯಾವ ಪಾದಕ್ಕೆ ಇಳಿಯಿತೆಂಬುದು ನರ್ತಿಸಿದವನಿಗೆ ತಿಳಿಯುವಷ್ಟು ನೋಡಿದವನಿಗೆ ತಿಳಿಯದು. ಕಲಕತ್ತೆಯವರು ಬಯಸಿದ ಭಾರತೀಯ ರೇಖೆಗೆ ಅವರು ಮುಂಬಯಿಯ ಅಂಗರಚನೆಯ ಮೂಲಕವೇ ಹೋಗಿ ತಲುಪಿದರು. ಅಂಗರಚನೆಯಿಂದ ರೇಖೆ ಕೆಡುತ್ತದೆಂಬ ವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ. 1996ರಲ್ಲಿ ಅವರು ಮುಂಬಯಿಯಲ್ಲಿ ನಿಧನರಾದರು.

ಈ ಚರಿತ್ರೆಯಲ್ಲಿ ದಾನಿಯ, ಪ್ರಾಂಶುಪಾಲರ, ಚಿತ್ರಕಾರರ ಹೆಸರುಗಳಿವೆ. ಮೈಯನ್ನು ಒದಗಿಸಿದವರ ಹೆಸರುಗಳು ಮಾತ್ರ ಕಾಣುವುದಿಲ್ಲ. ವೈದ್ಯಕೀಯ ಕಾಲೇಜಿನ ಮೇಜಿನ ಮೇಲೆ ಬರುವ ದೇಹದ ವಿಷಯದಲ್ಲಿ ಕಾನೂನು ಇದೆ. ಮುಂಬಯಿಯ 1949ರ ಕಾಯಿದೆಯೂ ಕರ್ನಾಟಕದ 1957ರ ಕಾಯಿದೆಯೂ ವಾರಸುದಾರರಿಲ್ಲದ ಶವಗಳನ್ನು ಕಾಲೇಜುಗಳಿಗೆ ಒಪ್ಪಿಸಲು ಅವಕಾಶ ಮಾಡಿದುವು; ವಾರಸುದಾರರಿಲ್ಲದವರು ಎಂದರೆ ಹೆಚ್ಚಾಗಿ ಬಡವರೇ. ಕಲಾಶಾಲೆಯ ಪೀಠದ ಮೇ��ೆ ನಿಂತವರೂ ಕೂಲಿಗಾಗಿ ಬಂದ ಗಂಡಸರು ಹೆಂಗಸರು. ಹೆಂಗಸರಿಗಂತೂ ಈ ಕೆಲಸವನ್ನು ಮನೆಯವರಿಂದಲೂ ನೆರೆಹೊರೆಯವರಿಂದಲೂ ಮುಚ್ಚಿಡಬೇಕಾದ ಪರಿಸ್ಥಿತಿ. ಇಂಥ ಒಬ್ಬ ಹೆಂಗಸಿನ ಬಾಳನ್ನು ಕುರಿತು ರವಿ ಜಾಧವರು ನಿರ್ದೇಶಿಸಿದ ‘ನ್ಯೂಡ್’ ಎಂಬ ಮರಾಠಿ ಚಲನಚಿತ್ರವನ್ನು 2017ರಲ್ಲಿ ಗೋವೆಯ ಅಂತರರಾಷ್ಟ್ರೀಯ ಚಿತ್ರೋತ್ಸವದ ಪಟ್ಟಿಯಿಂದ ಕೇಂದ್ರ ಸರಕಾರದ ಮಂತ್ರಾಲಯವು ಕೈಬಿಟ್ಟಿತು. ಮರುವರುಷ ಅದು ಚಿತ್ರಮಂದಿರಗಳಲ್ಲಿ ಬಿಡುಗಡೆಯಾಯಿತು. ಸಾಲೊಮನ್ನರು ಆ ವರ್ಗವನ್ನು ತೆರೆದು ಅಷ್ಟು ಹೊತ್ತಿಗೆ ನೂರು ವರುಷ ತುಂಬುತ್ತ ಬಂದಿತ್ತು.

ಕ್ರಾಫರ್ಡ್ ಮಾರ್ಕೆಟಿನ ಬಾಗಿಲ ಮೇಲೆ ಕಿಪ್ಲಿಂಗರ ರೈತರು ಇನ್ನೂ ಇದ್ದಾರೆ. ಕೆಳಗಿದ್ದ ಸಗಟು ವ್ಯಾಪಾರದ ಹಮಾಲರು ಮಾತ್ರ ತುರ್ಭೆಗೆ ಬಂದುಬಿಟ್ಟರು. ಚಿತ್ರದ ಹಲಗೆಯನ್ನು ಬಗಲಿಗೆ ಇಟ್ಟುಕೊಂಡು ಖಾಡಿಯ ಈಚೆಗೆ ಬರುವ ವಿದ್ಯಾರ್ಥಿಗೆ ಭಾರ ಹೊತ್ತ ಬೆನ್ನು ಎಂತಹದೆಂಬುದು ಇಲ್ಲಿ ನಸುಕಿನ ಹೊತ್ತಿಗೇ ಸಿಕ್ಕುತ್ತದೆ. ಎರಡು ನಿಮಿಷ ನಿಲ್ಲೆಂದು ಕೇಳುವ ಹಾಗಿಲ್ಲ, ಅಷ್ಟೇ.